ಸೂತಕದ ಹೋಳಿಗೆ

ಗಂಗೂ, ನಿನ್ನ ಅಪ್ಪ ತೀರಿಕೊಂಡ ದಿನ ನಾನು ಹೋಳಿಗೆ ಮಾಡಿ ತಿಂದೆ. ಸೂತಕದ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ — ಹಬ್ಬಕ್ಕೆ ಮಾಡುವ ಹಾಗೆಯೇ ಮಾಡಿದೆ. ಇದೊಂದೇ ಆಗಿದ್ದರೆ ನನ್ನ ಜೊತೆಗೇ ಮಣ್ಣಾಗಲಿ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಇದರ ಹಿಂದೆ ಇನ್ನೊಂದಿದೆ. ಮೊನ್ನೆ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡು ಒಂದು ಮಾತು ಅಂದೆಯಲ್ಲ, ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

"ನೀ ಏನ್ ಮಾಡ್ತಿ ಬಿಡ ಕಾಕೂ," ಅಂದೆ. "ಕಾಕಾನ ಮನಸ್ಸ ಕಲ್ಲಿತ್ತು. ನಿಂದೇನ್ ತಪ್ಪೈತಿ ಅದರಾಗ?"

ನನ್ನ ಗಂಡನ ಮನಸ್ಸು ಕಲ್ಲಾಗಿರಲಿಲ್ಲ, ಗಂಗೂ. ನನ್ನದಾಗಿತ್ತು.

ನನ್ನ ಬಾಳ್ಯಾ ನಿನಗೆ ನೆನಪಿರಬೇಕು. ಮೂರು ವರ್ಷದವನು, ನೀನು ಅವನನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗುತ್ತಿದ್ದೆ. ಅಕ್ಕಲಕೋಟೆಯ ರಾಜರ ಸಂಸ್ಥಾನ ಹೋಗಿ ಒಂದೆರಡು ವರ್ಷವಾಗಿತ್ತಷ್ಟೆ. ನಮ್ಮ ಹೊಲಕ್ಕೂ ನಿಮ್ಮ ಹೊಲಕ್ಕೂ ನಡುವಿನ ಬಾಂಧಿಗಾಗಿ — ಒಂದು ಮೊಳ ಅಗಲದ ಮಣ್ಣಿನ ಒಡ್ಡು, ಅಷ್ಟೇ — ನಿನ್ನ ಅಪ್ಪನಿಗೂ ನಿನ್ನ ಕಾಕಾನಿಗೂ ಮಾತು ನಿಂತಿತ್ತು. ಅಣ್ಣತಮ್ಮಂದಿರ ಮಕ್ಕಳು, ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಬಾಳ್ಯಾನಿಗೆ ಜ್ವರ ತಲೆಗೇರಿದ ಬೆಳಿಗ್ಗೆ ನಿನ್ನ ಕಾಕಾ ಆ ಜಗಳವನ್ನೆಲ್ಲ ಬದಿಗಿಟ್ಟು ನಿಮ್ಮ ಬಾಗಿಲಿಗೆ ಬಂದು ನಿಂತರು. ನಿನ್ನ ಅಪ್ಪ ಎದ್ದು ಹೊರಗೂ ಬರಲಿಲ್ಲ. ಒಳಗಿನಿಂದಲೇ ಅಂದ: "ಗಾಡಿ ಇಲ್ಲ."

ಗಾಡಿ ಅಂಗಳದಲ್ಲಿತ್ತು. ಎತ್ತುಗಳು ಕಣಿಕೆ ಮೇಯುತ್ತ ನಿಂತಿದ್ದವು. ನಾನೇ ಕಣ್ಣಾರೆ ನೋಡಿದೆ.

ಅಕ್ಕಲಕೋಟೆಗೆ ಆರು ಮೈಲಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರು ಮುಂದೆ, ನಾನು ಹಿಂದೆ. ಹಳ್ಳ ದಾಟುವಾಗ ಬಾಳ್ಯಾನ ಕೈ ಅವರ ಹೆಗಲಿನಿಂದ ಜಾರಿ ಜೋತುಬಿತ್ತು. ನಾನು ನೋಡಿದೆ. ಹೇಳಲಿಲ್ಲ. ಅವರಿಗೂ ಗೊತ್ತಾಗಿತ್ತು ಅನಿಸುತ್ತದೆ. ಆದರೂ ಇಬ್ಬರೂ ಇನ್ನೆರಡು ಮೈಲಿ ನಡೆದೆವು.

ಆಮೇಲೆ ಊರು ಬಿಟ್ಟೆವು. ಸೋಲಾಪುರದ ಗಿರಣಿಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ಚಾಳಿನಲ್ಲಿ ಒಂದು ಖೋಲಿ. ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಉಣ್ಣುವುದು. ಐದು ವರ್ಷ ಹಾಗೇ ಹೋಯಿತು. ವರ್ಷ ಕಳೆದ ಹಾಗೆ ನಿನ್ನ ಕಾಕಾ ಮೆತ್ತಗಾದರು. ಒಮ್ಮೊಮ್ಮೆ ಊಟ ಮಾಡುತ್ತಲೇ, "ದೇವಣ್ಣಾನೂ ಏನ್ ಸುಖದಾಗ ಇರಾಕಿಲ್ಲ ಬಿಡ," ಅನ್ನುತ್ತಿದ್ದರು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನಿನ್ನ ಅಪ್ಪನ ಹೆಸರು ನನ್ನ ಮನೆಯಲ್ಲಿ ಬೇಡವಾಗಿತ್ತು.

ಅಕ್ಕಲಕೋಟೆ ಯಾವ ರಾಜ್ಯಕ್ಕೆ ಹೋಗುತ್ತದೆ ಎಂದು ಜನ ವಾದಿಸುತ್ತಿದ್ದ ಆ ವರ್ಷ ನೀನು ನಮ್ಮ ಚಾಳಿಗೆ ಬಂದೆ. ಮಧ್ಯಾಹ್ನ. ಹದಿನಾಲ್ಕು ವರ್ಷವಿರಬೇಕು ನಿನಗೆ. ಬಿಸಿಲಿನಲ್ಲಿ ಬರಿಗಾಲಲ್ಲಿ ಬಂದಿದ್ದೆ.

"ಕಾಕೂ, ಅಪ್ಪನ್ನ ಇಲ್ಲೇ ದೊಡ್ಡ ದವಾಖಾನ್ಯಾಗ ಇಟ್ಟೇವ್ರಿ. ಭಾಳ ಆಗೈತಿ. ಕಾಕಾನ ಒಂದ್ಸಲ ನೋಡಬೇಕ ಅನ್ನಾಕತ್ಯಾನ. ಅಂವ ತನ್ನ ಕೈಲೆ ಒಂದ ಗುಟುಕ ನೀರ ಕುಡಸಲಿ, ಆಮ್ಯಾಲ ನಾ ಹೊಕ್ಕೀನಿ ಅಂತಾನ."

ನಾನು ನಿನಗೆ ನೀರೂ ಕೊಡಲಿಲ್ಲ. "ಕಾಕಾ ಬಂದಮ್ಯಾಲ ಹೇಳ್ತೀನಿ, ಹೋಗು," ಅಂದೆ.

ಸಂಜೆ ಅವರು ಬಂದರು. ತಲೆತುಂಬ ಹತ್ತಿಯ ಎಳೆ. ಬಡಿಸಿದೆ. ಉಂಡರು. ನಾನು ಬಾಯಿ ತೆರೆಯಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆನೇ? ಇಲ್ಲ. ಸುಳ್ಳು ಬರೆಯಬಾರದು. ಹೇಳುವುದಿಲ್ಲ ಎಂದು ನೀನು ಮೆಟ್ಟಿಲು ಇಳಿಯುವ ಮೊದಲೇ ನಿರ್ಧಾರ ಮಾಡಿದ್ದೆ.

ಮರುದಿನ ನೀನು ಮತ್ತೆ ಬಂದೆ. ಅಳುತ್ತಿದ್ದೆ. ಆಗ ನಾನು ಆಡಿದ ಮಾತು ನಿನಗೆ ಇಂದಿಗೂ ಬಾಯಿಪಾಠವಿದೆ ಎಂದು ನನಗೆ ಗೊತ್ತು. "ಹೇಳೀನವಾ. ಬರೂದಿಲ್ಲ ಅಂದ್ರು. ಗಾಡಿ ಇಲ್ಲ ಅಂತ ಹೇಳು ಅಂದ್ರು."

ದವಾಖಾನೆ ನಮ್ಮ ಚಾಳಿನಿಂದ ಕೂಗಳತೆ. ಅಲ್ಲಿಗೆ ಗಾಡಿ ಯಾಕೆ ಬೇಕು? ನಿನಗೆ ಅರ್ಥವಾಗಲಿಲ್ಲ, ಆದರೆ ನಿನ್ನ ಅಪ್ಪನಿಗೆ ಅರ್ಥವಾಗಬೇಕಿತ್ತು — ಅದಕ್ಕೇ ಆರಿಸಿ ಆಡಿದ್ದು. ನನ್ನ ಗಂಡನ ಬಾಯಲ್ಲಿ ನನ್ನ ವಿಷ ಇಟ್ಟು ಕಳಿಸಿದೆ. ನೀನು ಅದನ್ನು ಹಾಗೆಯೇ ಒಯ್ದು ಅಪ್ಪನ ಕಿವಿಗೆ ಹಾಕಿದೆ. ಮಗು, ನಿನ್ನ ಕೈಯಿಂದಲೇ ಮಾಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಊರಿನವರೊಬ್ಬರು ಗಿರಣಿಗೇ ಬಂದು ನಿನ್ನ ಅಪ್ಪ ಹೋದ ಸುದ್ದಿ ಹೇಳಿದರಂತೆ. ನಿನ್ನ ಕಾಕಾ ದವಾಖಾನೆಗೆ ಓಡಿದರು. ಅಲ್ಲಿಂದ ಒಂದು ಗಳಿಗೆ ಮನೆಗೆ ಬಂದು ಹೊಸ್ತಿಲಲ್ಲೇ ಕುಸಿದು ಕೂತರು. "ಮೂರ ದಿನ ಇಲ್ಲೇ ಇದ್ನಂತಲ್ಲs! ನನಗ ಯಾರೂ ಹೇಳಲಿಲ್ಲ! ಗಂಗೂನ ಅವ್ವ ನನ್ನ ಮಾರಿ ಸುದ್ದಾ ನೋಡಲಿಲ್ಲ." ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಕುಡಿದು, ನಾಳೆ ಬಾ ಎಂದು ನನಗೆ ಹೇಳಿ, ಹೆಣದ ಜೊತೆ ಊರಿಗೆ ಹೋದರು.

ನಾನು ಬಾಗಿಲು ಹಾಕಿಕೊಂಡೆ. ಬೇಳೆ ಒಲೆಗಿಟ್ಟೆ.

ದಾಯಾದಿಗಳ ಸಾವು, ಹತ್ತು ದಿನ ಮನೆಯಲ್ಲಿ ಒಗ್ಗರಣೆಯ ವಾಸನೆಯೂ ಏಳಬಾರದು. ಬೆಲ್ಲ ಕರಗಿದ ವಾಸನೆ ಚಾಳಿನ ತುಂಬ ಹೋಯಿತು. ಪಕ್ಕದ ಖೋಲಿಯವಳು ಕೂಗಿ ಕೇಳಿದಳು, "ಏನ್ ಹಬ್ಬ ಐತ್ರಿ ಇವತ್ತ?" "ಹರಕಿ ಇತ್ರಿ," ಅಂದೆ. ಬಾಳ್ಯಾನ ತಲೆಗೆ ಕಟ್ಟುತ್ತಿದ್ದ ಕುಂಚಿಗೆಯನ್ನು ಪೆಟ್ಟಿಗೆಯಿಂದ ತೆಗೆದು ಮಣೆಯ ಮೇಲಿಟ್ಟು, ಅದರ ಮುಂದೆ ಒಂದು ಹೋಳಿಗೆ ಇಟ್ಟೆ. "ನೋಡ ಮಗಾ, ಅಂವ ಸತ್ತ," ಅಂದೆ. ಜೋರಾಗಿಯೇ ಅಂದೆ. ನಾನೂ ಒಂದು ತುತ್ತು ಬಾಯಿಗಿಟ್ಟೆ.

ಸಿಹಿ ಹತ್ತಲಿಲ್ಲ. ಇನ್ನೊಂದು ತುತ್ತು ತಿಂದೆ. ಮಣ್ಣು ಅಗಿದ ಹಾಗೆ. ಎರಡು ಹೋಳಿಗೆ ಪೂರ್ತಿ ತಿಂದೆ, ಛಲಕ್ಕೆ. ಆಗ ಕಿವಿಯ ಹತ್ತಿರ ಯಾರೋ "ಗಾಡಿ ಇಲ್ಲ" ಅಂದರು. ನಿನ್ನ ಅಪ್ಪನ ದನಿಯಲ್ಲ. ಹೆಣ್ಣು ದನಿ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು — ಅದು ನನ್ನದೇ ದನಿ, ಆದರೆ ನನ್ನ ತುಟಿ ಅಲುಗಿರಲಿಲ್ಲ.

ಮಗನನ್ನು ಕಳೆದುಕೊಂಡವಳು ಸಂತೋಷಪಟ್ಟರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ನಾನೇ ನನ್ನನ್ನು ಸಾವಿರ ಸಲ ಕೇಳಿಕೊಂಡಿದ್ದೇನೆ. ಸಂತೋಷ ಆಗಿತ್ತು — ಆಗಲಿಲ್ಲ ಎನ್ನಲಾರೆ. ಅದು ಕರೆಯದೆ ಬಂತು, ಬರಲಿ. ಆದರೆ ನಾನು ಅದಕ್ಕೆ ಮಣೆ ಹಾಕಿದೆ, ಬಡಿಸಿದೆ, ಸತ್ತ ಮಗುವನ್ನು ಎಬ್ಬಿಸಿ ಪಂಕ್ತಿಗೆ ಕೂರಿಸಿದೆ. ಬಾಳ್ಯಾ ನಿನ್ನ ಅಪ್ಪನನ್ನು ಕಂಡರೆ ನಗುತ್ತಿದ್ದ, ಗಂಗೂ. ದೊಡ್ಡಪ್ಪಾ ಎಂದು ಓಡಿಹೋಗುತ್ತಿದ್ದ. ಅವನ ಹೆಸರಿನಲ್ಲಿ ನಾನು —

ಹತ್ತನೆಯ ದಿನ ನಿನಗೆ ನೆನಪಿದೆ. ಆ ಬಾಂಧಿನ ಮೇಲೇ ಎಲೆ ಹಾಕಿ ಎಡೆ ಇಟ್ಟಿದ್ದರು. ಗಂಡಸರು ಬೇವಿನ ಮರದ ಆಚೆ, ನಾವು ಹೆಂಗಸರು ಬಾವಿಯ ಹತ್ತಿರ. ಮರದ ತುಂಬ ಕಾಗೆ, ಒಂದೂ ಕೂಗುತ್ತಿರಲಿಲ್ಲ. ಎಲೆಯೂ ಅಲುಗದ ಮಧ್ಯಾಹ್ನ. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರ ಜೀವ ಯಾವುದೋ ಮಾತಿಗೆ ಕಾದಿದೆ ಎಂದು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಟ್ಟರು. ಮಕ್ಕಳನ್ನು ನೋಡಿಕೊಳ್ಳುತ್ತೇವೆ ಎಂದರು, ಹೊಲ ಬೀಳುಬಿಡುವುದಿಲ್ಲ ಎಂದರು. ಕಾಗೆ ಇಳಿಯಲಿಲ್ಲ. ಕಡೆಗೆ ನಿನ್ನ ಅವ್ವ ನಿನ್ನ ಕಾಕಾನ ಕಡೆ ತಿರುಗಿದಳು. "ಭೀಮಣ್ಣಾ, ಇನ್ನರ ಸಿಟ್ಟ ಬಿಡಪಾ. ಒಂದ ಮಾತ ಅನು."

ಅವರು ಎಡೆಯ ಮುಂದೆ ಮಂಡಿಯೂರಿ ಕೈಮುಗಿದರು. "ದೇವಣ್ಣಾ, ನನ್ನ ಮನಸ್ಸಿನಾಗ ಏನೂ ಇಲ್ಲೋ. ಎಂದೋ ಬಿಟ್ಟೀನಿ. ನನ್ನ ಮಗನ ಆಣಿ."

ಆಗ ಒಂದು ಕಾಗೆ ಇಳಿಯಿತು. ಅದು ಎಡೆಯ ಸುತ್ತ ಒಂದು ಸುತ್ತು ನಡೆಯಿತು, ಮುಟ್ಟಲಿಲ್ಲ. ಬಾಂಧಿನ ಗುಂಟ ನಡೆಯುತ್ತ, ಅವಸರವಿಲ್ಲದೆ, ಹೆಂಗಸರ ಕಡೆ ಬಂದು, ನನ್ನ ಮುಂದೆ ನಿಂತಿತು. ತಲೆ ಓರೆ ಮಾಡಿ ನೋಡಿತು. ಅದು ಏನು ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು — ಅವರಿಗೆ ನಾನು ಹೇಳಿಯೇ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಕಾಗೆ ಹಾರಿಹೋಯಿತು. ಅದರ ಹಿಂದೆ ಮರದ ಕಾಗೆಗಳೆಲ್ಲ ಹೋದವು.

ದರ್ಭೆಯಲ್ಲಿ ಕಾಗೆ ಮಾಡಿ ಎಡೆಗೆ ಮುಟ್ಟಿಸಿ ಮುಗಿಸಿದರು. ಭೀಮಣ್ಣ ಬಾಯಿಂದ ಅಂದ, ಮನಸ್ಸಿನಿಂದ ಅನ್ನಲಿಲ್ಲ, ಮಗನ ಸುಳ್ಳು ಆಣೆ ಹಾಕಿದ ಎಂದು ಊರು ಆಡಿಕೊಂಡಿತು. ಹಿರಿಯರೊಬ್ಬರು ಮುಖಕ್ಕೇ ಅಂದರು: "ಕಾಗಿಗಿ ಸುಳ್ಳ ಹೇಳಾಕ ಬರೂದಿಲ್ಲಪಾ."

ಸೋಲಾಪುರಕ್ಕೆ ಬಂದು ಬೀಗ ತೆಗೆದಾಗ ಕುಂಚಿಗೆಯ ಮುಂದಿನ ಹೋಳಿಗೆ ಇಟ್ಟ ಹಾಗೇ ಇತ್ತು. ಆ ಬೇಸಿಗೆಯಲ್ಲಿ, ಒಂಬತ್ತು ದಿನದ ಮೇಲೂ ಬೂಷ್ಟು ಹಿಡಿದಿರಲಿಲ್ಲ. ಒಂದು ಇರುವೆಯೂ ಹತ್ತಿರಲಿಲ್ಲ. ಅವರು ನೋಡುವ ಮೊದಲೇ ಸೆರಗಿನಲ್ಲಿ ಮುಚ್ಚಿಕೊಂಡು ಕೆರೆಗೆ ಒಯ್ದು ಮುರಿದು ಹಾಕಿದೆ. ಚುರುಮುರಿ ಎಸೆದರೆ ಮುತ್ತುವ ಮೀನುಗಳು, ತುಂಡು ಬಿದ್ದ ಕಡೆಯಿಂದ ಸರಿದು ಹೋದವು. ನೀರು ಅಲ್ಲಿ ಬರಿದಾಗಿ ಉಳಿಯಿತು.

ಆದರೆ ಅದು ನನ್ನ ಶಿಕ್ಷೆ, ನನಗೆ ಸಲ್ಲಬೇಕಾದದ್ದೇ. ನಿನ್ನ ಕಾಕಾ ಪಟ್ಟ ಶಿಕ್ಷೆ ಯಾರ ತಪ್ಪಿಗೆ? ಕೆಲಸದಿಂದ ಬಂದು ಕೂತು ಒಮ್ಮೊಮ್ಮೆ ನನ್ನನ್ನು ಕೇಳುತ್ತಿದ್ದರು. "ಯಾಕ, ಖರೇನ ನನ್ನ ಮನಸ್ಸಿನಾಗ ಏನರ ಉಳದೈತೇನ? ನನಗs ಗೊತ್ತಿಲ್ದಂಗ?" ಶುದ್ಧ ಮನಸ್ಸಿನ ಮನುಷ್ಯ, ತನ್ನ ಮನಸ್ಸನ್ನೇ ಕಳ್ಳನ ಹಾಗೆ ನೋಡಲು ಕಲಿತರು. ನಿನ್ನ ಮದುವೆಗೆ ತಾಟಿನಲ್ಲಿ ಸೀರೆ-ಕುಪ್ಪಸ ಹಿಡಿದು ಬಾಗಿಲಲ್ಲಿ ನಿಂತಾಗ ನೀನು ತಾಟನ್ನು ಹಿಂದಕ್ಕೆ ಸರಿಸಿದೆ. "ನಿಮ್ಮ ಗಾಡಿ ಇಲ್ಲಿತನಕ ಹ್ಯಾಂಗ ಬಂತ್ರಿ?" ಅಂದೆ. ಅವರಿಗೆ ಆ ಮಾತು ತಿಳಿಯಲೇ ಇಲ್ಲ. ಬಾಳ್ಯಾನ ನೆನಪು ಮಾಡಿ ಯಾಕೆ ಚುಚ್ಚಿದಳು ಎಂದು ದಾರಿಯುದ್ದಕ್ಕೂ ಕೇಳಿದರು. ನಾನು ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತೆ.

ಅವರು ಹೋಗಿ ಹನ್ನೆರಡು ವರ್ಷವಾಯಿತು. ಅವರ ಹತ್ತನೆಯ ದಿನವೂ ಕಾಗೆ ಇಳಿಯಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮನಸ್ಸಿನಲ್ಲೇ ಅಂದೆ: ಗಂಗೂಗೆ ಹೇಳುತ್ತೇನೆ. ಮಾತು ಮುಗಿದಿರಲಿಲ್ಲ, ಕಾಗೆ ಎಡೆಗೆ ಬಾಯಿ ಹಾಕಿತು.

ಆಮೇಲೂ ಹನ್ನೆರಡು ವರ್ಷ ಹೇಳಲಿಲ್ಲ. ಸತ್ತವರಿಗೂ ಮೋಸ ಮಾಡಿದವಳು ನಾನು. ದಿನಾ ಬೆಳಿಗ್ಗೆ ಕಿಟಕಿಯಲ್ಲಿ ಒಂದು ಕಾಗೆ ಬಂದು ಕೂರುತ್ತದೆ. ರೊಟ್ಟಿ ಇಟ್ಟರೆ ಮುಟ್ಟುವುದಿಲ್ಲ. ತಲೆ ಓರೆ ಮಾಡಿ ನೋಡುತ್ತದೆ. ಇದನ್ನು ಬರೆಯುವಾಗಲೂ ಅಲ್ಲೇ ಇದೆ.

ಕ್ಷಮಿಸು ಎಂದು ನಾನು ಕೇಳುವುದಿಲ್ಲ. ನನ್ನ ಹತ್ತನೆಯ ದಿನ ಯಾರಾದರೂ ನಿನ್ನನ್ನು ಕರೆದು ಒಂದು ಮಾತು ಅನ್ನು ಎಂದರೆ, ಅನ್ನಬೇಡ. ಆದರೆ ಒಂದು ಸಲ ಆ ಬಾಂಧಿನ ಮೇಲೆ ಹೋಗಿ, ನಿನ್ನ ಕಾಕಾನ ಹೆಸರು ಹೇಳಿ, ನಿನ್ನ ಅಪ್ಪನಿಗೆ ಒಂದು ತಂಬಿಗೆ ನೀರು ಬಿಡು. ಅವರು ಬರುತ್ತಿದ್ದರು, ಗಂಗೂ. ನೀನು ಕರೆಯಲು ಬಂದಿದ್ದೆ ಎಂದು ಗೊತ್ತಾಗಿದ್ದರೆ, ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬರುತ್ತಿದ್ದರು.