ಶೇವಂತಾಬಾಯಿಯ ಎರಡು ತಿಂಗಳ ಗ್ಯಾರಂಟಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ದೊಡ್ಡದು. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತು 'ಪ್ರಯಾಣಿಕರ ಗಮನಕ್ಕೆ' ಎಂದು ಕೂಗಿದ ಮಹಾರುದ್ರಪ್ಪ ಎಂದರೆ ನಾನೇ. ಕರೆಂಟು ಹೋದರೆ ಮೈಕಿಲ್ಲದೆಯೂ ಕೂಗುತ್ತಿದ್ದೆ. ಕಲ್ಯಾಣದ ಬಸ್ಸಿಗೆ ಕಾಯುವವರು ರಸ್ತೆಯಾಚೆಯ ಚಹಾದಂಗಡಿಯಿಂದ ಎದ್ದು ಓಡಿ ಬರುತ್ತಿದ್ದರು. ನಿವೃತ್ತಿಯ ದಿನ ಮೈಕನ್ನು ತೆಗೆದುಕೊಂಡರು, ಬಾಯನ್ನು ಹೇಗೆ ತೆಗೆದುಕೊಳ್ಳುತ್ತಾರೆ? ಆ ಬಾಯಿಂದ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿದೆ. ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಆಕೆ ಬಸವಕಲ್ಯಾಣದ ದಾರಿಯಲ್ಲಿರುವ ರಾಜೇಶ್ವರ ಊರಿನ ಶೇವಂತಾಬಾಯಿ. ತವರು ಮುಡಬಿ. ಏಳನೆಯ ವಯಸ್ಸಿಗೆ ತಾಯಿಯ ಹಿಂದೆ ತೊಗರಿ ಸಾಲಿನಲ್ಲಿ ಕಳೆ ಕೀಳಲು ಕುಕ್ಕರುಗಾಲಲ್ಲಿ ಕೂತವಳು, ಐವತ್ತೆರಡಾದರೂ ಎದ್ದಿಲ್ಲ. "ನಿಂತ್ರ ನನಗ ಸೊಂಟ ನೋಯ್ತದರಿ, ಕುಂತ್ರ ಆರಾಮ" ಎನ್ನುತ್ತಾಳೆ. ಹೊಲಗಳಿಗೆ ಕಳೆನಾಶಕದ ಪಂಪು ಬಂದಾಗ ಕಳೆ ಕೀಳುವ ಹೆಂಗಸರಿಗೆಲ್ಲ ಕೆಲಸ ತಪ್ಪಿತು. ಶೇವಂತಾಬಾಯಿ ಮಾತ್ರ ಕಳೆ ಅಗೆಯುವ ತನ್ನ ಖುರ್ಪಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು.

"ಹೊಲದಾಗ ಔಷಧ ಬಂತು, ಖರೇ. ಊರಾಗ ಮಂದಿ ಮನಿ ಮುಂದ ಗುಲಾಬಿ ಬಂದಾವಲ್ಲ! ಅಲ್ಲಿ ಔಷಧ ಹೊಡದ್ರ ಗುಲಾಬಿನೂ ಸಾಯ್ತಾವ. ಅಲ್ಲಿ ನಾನ ಬೇಕು."

ವಾರದಲ್ಲಿ ಮೂರು ದಿನ ಹುಮನಾಬಾದ್, ಮೂರು ದಿನ ಬಸವಕಲ್ಯಾಣ. ಭಾನುವಾರ ತನ್ನ ಮನೆ ಹಿಂದಿನ ಅರ್ಧ ಎಕರೆ ಉಳ್ಳಾಗಡ್ಡಿ. ನಮ್ಮ ಓಣಿಯಲ್ಲೇ ನನ್ನದೂ ಸೇರಿ ಎಂಟು ಮನೆ ಹಿಡಿದಿದ್ದಳು. ಅವಳ ಕೆಲಸ ನೋಡಲು ಚಂದ. ಎಲ್ಲರನ್ನೂ ಬಗ್ಗಿಸುವ ಕಳೆ ಎಂದರೆ ಜೇಕು. ಮೇಲೆ ನೋಡಿದರೆ ಬಡಪಾಯಿ ಹುಲ್ಲು. ಕೆಳಗೆ ಕರೀ ಗಂಟು, ಗಂಟಿನಿಂದ ಒಂದು ದಾರ, ದಾರದ ತುದಿಗೆ ಇನ್ನೊಂದು ಗಂಟು. ಮೇಲಿನ ಎಲೆ ಹಿಡಿದು ಎಳೆದರೆ ಪಟ್ಟನೆ ಹರಿದು ಕೈಗೆ ಬರುತ್ತದೆ, ನಾವು ಗೆದ್ದೆವು ಎಂದುಕೊಳ್ಳುತ್ತೇವೆ, ನಾಲ್ಕೇ ದಿನಕ್ಕೆ ಒಂದಿದ್ದಲ್ಲಿ ಎರಡು ನಿಂತಿರುತ್ತವೆ. ಶೇವಂತಾಬಾಯಿ ಹಿಂದಿನ ದಿನ ನೀರು ಬಿಡಿಸಿ ಮಣ್ಣು ಮೆತ್ತಗೆ ಮಾಡಿಸುತ್ತಾಳೆ. ಮರುದಿನ ಖುರ್ಪಿಯನ್ನು ಪಕ್ಕದಿಂದ ಇಳಿಸಿ, ದಾರದ ಜಾಡು ಹಿಡಿದು, "ಬಾ ನನ್ನವ್ವಾ, ಗಂಡನ ಮನಿಗಿ ಹೋಗೂಣು" ಎಂದು ಮಾತಾಡಿಸುತ್ತ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಮುಚ್ಚಳದ ಡಬ್ಬಿಗೆ ಹಾಕುತ್ತಾಳೆ. ಅವು ಅವಳ ಮನೆಯ ತಗಡಿನ ಮೇಲೆ ಒಣಗಿ ಒಲೆಗೆ ಹೋಗುತ್ತವೆ. ನಡುವೆ ಸಿಕ್ಕ ಹತ್ತರಕಿ ಸೊಪ್ಪು ಸೆರಗಿಗೆ. "ಇದು ಕಳಿ ಅಲ್ರಿ, ನಮ್ಮ ಲಾಲಪ್ಪನ ಸಂಜೀ ಪಲ್ಯ." ಲಾಲಪ್ಪ ಎಂದರೆ ಅವಳ ಗಂಡ.

ಇನ್ನು ಅವಳ ಗ್ಯಾರಂಟಿ. ಅವಳ ಖುರ್ಪಿ ಆಡಿದ ಮಣ್ಣಿನಲ್ಲಿ ಎರಡು ತಿಂಗಳು ಜೇಕು ತಲೆ ಎತ್ತಬಾರದು. ಎತ್ತಿದರೆ ಎಷ್ಟು ಸಲವಾದರೂ ಪುಕ್ಕಟೆ ಬಂದು ಕೀಳುತ್ತಾಳೆ. ನಮ್ಮ ಕಡೆಯಿಂದ ಒಂದೇ ಕರಾರು. "ಹೊರಗಿನ ಗೊಬ್ಬರ ತಂದ್ರ ಮೊದಲು ನನಗ ತೋರಸ್ರಿ."

ಈಗ ನನ್ನ ಕರ್ಮಕ್ಕೆ ಬರೋಣ. ನನ್ನ ಪಕ್ಕದ ಮನೆ ಟೈರ್ ಅಂಗಡಿಯ ಶಂಶುದ್ದೀನ್. ಈ ಮಳೆಗಾಲ ಅವನ ಗುಲಾಬಿಗಳು ಬಟ್ಟಲಿನಷ್ಟು ದೊಡ್ಡವಾಗಿ ಅರಳಿದವು. ನನ್ನವು ಬಟನ್ನಿನಷ್ಟು. ದಿನಾ ಬೆಳಿಗ್ಗೆ ಆತ ಗೋಡೆಯ ಮೇಲಿಂದ ಇಣುಕಿ, "ಸಾಹೇಬ್ರ, ನಿಮ್ಮ ಗುಲಾಬಿ ಭಾಳ ಚಂದ ಅದಾವ್ರಿ, ಚಷ್ಮಾ ಹಾಕ್ಕೊಂಡ್ರ ಕಾಣ್ತಾವ" ಎನ್ನುತ್ತಿದ್ದ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಬಸವಕಲ್ಯಾಣಕ್ಕೆ ಮದುವೆ ಊಟಕ್ಕೆ ಹೋದವನು ರಸ್ತೆ ಬದಿ ಒಂದು ಪಿಕಪ್ ಗಾಡಿಯಲ್ಲಿ ಚೀಲ ಮಾರುತ್ತಿದ್ದುದನ್ನು ಕಂಡೆ. 'ಭೂತಾಯಿ ಅಮೃತ. ಶುದ್ಧ ಕಾಂಪೋಸ್ಟ್. ಕಳೆರಹಿತ' ಎಂದು ಕೆಂಪಕ್ಷರ. ಅಚ್ಚಾದದ್ದನ್ನೆಲ್ಲ ನಂಬುವುದು ನನ್ನ ಹಳೇ ಚಾಳಿ. ನಾಲ್ಕು ಚೀಲ ಬಸ್ಸಿಗೆ ಹಾಕಿಸಿಕೊಂಡು ಬಂದೆ.

"ಶೇವಂತಾಬಾಯಿಗಿ ತೋರಸ್ರಿ ಮೊದಲು" ಎಂದಳು ನನ್ನ ಹೆಂಡತಿ ಸತ್ಯಮ್ಮ.

"ನನ್ನ ಅಂಗಳ, ನನ್ನ ಚೀಲ. ಆಕೀನೇನ್ ಕೇಳೂದು?"

ಮೂರು ಚೀಲ ಗುಲಾಬಿ, ಟೊಮ್ಯಾಟೋಗಳ ಬುಡಕ್ಕೆ ಸುರಿದೆ. ನಾಲ್ಕನೆಯದನ್ನು ನೀರಿನ ಟಾಕಿಯ ಹಿಂದೆ ಇಟ್ಟೆ. ಸತ್ಯಮ್ಮ ಅದರಲ್ಲಿ ಕೈಯಾಡಿಸಿ ಒಂದು ಗುಟ್ಕಾ ಚೀಟಿಯನ್ನೂ ಹಸಿರು ಬಳೆ ಚೂರನ್ನೂ ಹೆಕ್ಕಿದಳು. "ಅಮೃತದಾಗ ಬಳಿ ಹ್ಯಾಂಗ ಬಂತ್ರೀ?" ನಾನು ಕೇಳಿಸದವನಂತೆ ಪೇಪರ್ ಓದಿದೆ.

ಮೂರನೆಯ ವಾರಕ್ಕೆ ಅಂಗಳದ ತುಂಬ ಜೇಕು. ಟೊಮ್ಯಾಟೋ ಚಿಗುರುಗಳು ಸುತ್ತಿಕೊಂಡು ಮುರುಟಿದವು. ನನಗೆ ಪಿತ್ತ ನೆತ್ತಿಗೇರಿತು. ಶೇವಂತಾಬಾಯಿ ಆಗ ಶಂಶುದ್ದೀನನ ಅಂಗಳದಲ್ಲಿ ಕೂತಿದ್ದಳು. ನಾನು ಗೇಟಿನಲ್ಲಿ ನಿಂತು ಅದೇ ಬಸ್ ನಿಲ್ದಾಣದ ದನಿಯಲ್ಲಿ ಕೂಗಿದೆ. "ಗ್ಯಾರಂಟಿ ಅಂತ ಗ್ಯಾರಂಟಿ! ಕಲ್ಯಾಣದ ಕಳಿ ಖುರ್ಪಿಗಿ ಹಚ್ಕೊಂಡು ಬಂದು ನಮ್ಮ ಅಂಗಳದಾಗ ಬಿತ್ತಿ ಹೋಗ್ಯಾಳ! ತನಗ ಕೆಲಸ ತಪ್ಪಬಾರದು ಅಂತ!"

ಓಣಿಯ ಕಿಟಕಿಗಳೆಲ್ಲ ತೆರೆದವು. ಶೇವಂತಾಬಾಯಿ ಹಿಡಿದ ಸಾಲು ಮುಗಿಸಿಯೇ ಎದ್ದಳು. ಮರುದಿನ ಬಂದು ಇಡೀ ದಿನ ಪುಕ್ಕಟೆ ಕಿತ್ತು ಹೋದಳು. ಹತ್ತು ದಿನಕ್ಕೆ ಮತ್ತೆ ಜೇಕು, ಮತ್ತೆ ಬಂದಳು. ಅಷ್ಟರಲ್ಲಿ ನನ್ನ ಬಾಯಿ ತನ್ನ ಕೆಲಸ ಮುಗಿಸಿತ್ತು. ಮೂಲೆಮನೆಯ ನರ್ಸ್ ಫರ್ಹೀನ್ "ಈ ವಾರ ಬ್ಯಾಡ ಬಾಯಿ" ಎಂದಳು. ಇನ್ನೊಂದು ಮನೆಯವರು ಗೇಟನ್ನೇ ತೆಗೆಯಲಿಲ್ಲ. ಎಂಟು ಮನೆ ಎರಡಕ್ಕಿಳಿದವು, ನನ್ನದು ಮತ್ತು ಶಂಶುದ್ದೀನನದು. ನನ್ನದರಲ್ಲಿ ದುಡಿಮೆ ಪುಕ್ಕಟೆ.

ಆ ವಾರವೇ ಪೈಪು ತರಲು ಟಾಕಿಯ ಹಿಂದೆ ಹೋದೆ. ನಾಲ್ಕನೆಯ ಚೀಲ ಮಳೆಗೆ ನೆನೆದು ಕೂತಿತ್ತು. ಅದರ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಏಳೆಂಟು ಜೇಕು ಹೊರಗೆ ನಿಂತಿದ್ದವು, ಒಂದು ಸರಿಯಾಗಿ 'ಕಳೆರಹಿತ' ಎಂಬ ಅಕ್ಷರದ ನಡುವಿನಿಂದ. ಚೀಲದ ಮೇಲಿನ ನಂಬರಿಗೆ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಚೀಲದ ಮೇಲೆ ಹಳೇ ಗೋಣಿತಟ್ಟು ಹೊದಿಸಿದೆ.

ಮೂರನೆಯ ಸಲ ಬಂದ ದಿನ ಶೇವಂತಾಬಾಯಿ ಮುರುಟಿದ ಟೊಮ್ಯಾಟೋ ಎಲೆಯನ್ನು ಬೆರಳಲ್ಲಿ ಬಿಡಿಸಿ ನೋಡಿದಳು. "ಅಣ್ಣಾರ, ಕಳಿ ಔಷಧ ಹೊಡದ ಹುಲ್ಲು ತಿಂದ ದನದ ಸಗಣಿ ಹಾಕಿದ್ರ ಹಿಂಗ ಮುರುಟ್ತಾವ. ಹೊರಗಿನ ಗೊಬ್ಬರ ಏನರ ಹಾಕೀರೇನ್ರಿ?"

"ಬಿಲ್ಕುಲ್ ಇಲ್ಲ" ಎಂದೆ. ಕುಂಬಳಕಾಯಿ ಕಳ್ಳನಂತೆ ನನ್ನ ಕೈ ಹೆಗಲಿಗೆ ಹೋದದ್ದನ್ನು ಸತ್ಯಮ್ಮ ನೋಡಿದಳು.

ಶೇವಂತಾಬಾಯಿ ಎರಡು ಕುಂಡ ಕೇಳಿದಳು. ಒಂದಕ್ಕೆ ನನ್ನ ಅಂಗಳದ ಮಣ್ಣು, ಇನ್ನೊಂದಕ್ಕೆ ಶಂಶುದ್ದೀನನದು. ಎರಡಕ್ಕೂ ನಾಲ್ಕು ನಾಲ್ಕು ಅಲಸಂದಿ ಕಾಳು ಊರಿ, ನೀರು ಹಾಕಿ, ನಡುಗೋಡೆಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು. "ಒಂದೇ ಖುರ್ಪಿ ಎರಡೂ ಮನ್ಯಾಗ ಆಡ್ಯಾದ. ಹತ್ತು ದಿನ ಬಿಡ್ರಿ. ಅಣ್ಣಾರ ಕುಂಡದಾಗಷ್ಟ ಜೇಕು ಬಂದ್ರ ಅವರ ಮಣ್ಣಾಗ ಏನೋ ಸೇರ್ಯಾದ. ಎರಡರಾಗೂ ಬಂದ್ರ, ಇಲ್ಲಾ ಎರಡರಾಗೂ ಬರದಿದ್ರ, ನನ್ನ ಖುರ್ಪೀದ ತಪ್ಪು. ಈ ಓಣಿಗಿ ಕಾಲಿಡಂಗಿಲ್ಲ."

ಹಳೇ ಕಾಲದ ನ್ಯಾಯ. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ನಾಲ್ಕನೆಯ ಬೆಳಿಗ್ಗೆ ನನ್ನ ಕುಂಡದಲ್ಲಿ ಎರಡು ಹಸಿರು ಸೂಜಿ. ಸುತ್ತ ನೋಡಿ ಪಟ್ಟನೆ ಕಿತ್ತು ಜೇಬಿಗೆ ಹಾಕಿಕೊಂಡೆ. ಐದನೆಯ ದಿನ ನಾಲ್ಕು. ಆರನೆಯ ದಿನ ಏಳು. ಬದುಕಿನಲ್ಲಿ ಒಂದು ಹುಲ್ಲುಕಡ್ಡಿ ಕೀಳದವನು ಹಲ್ಲುಜ್ಜುವ ನೆಪದಲ್ಲಿ ಗೋಡೆಗೆ ಒರಗಿ ದಿನಾ ಕಳೆ ಕಿತ್ತೆ, ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಜೇಕು. ನನ್ನ ಪೈಜಾಮದ ಜೇಬು ಹಸಿರಾಗಿದ್ದು ಬಟ್ಟೆ ಒಗೆಯುವಾಗ ಸತ್ಯಮ್ಮನಿಗೆ ಗೊತ್ತಾಯಿತು. "ಮಾಡಿದ್ದುಣ್ಣೋ ಮಹಾರಾಯ ಅಂತಾರ. ನಿಮ್ಮದು ಆಕಿ ಉಣ್ಣಾಕತ್ಯಾಳ" ಎಂದಳು. ಆ ದಿನ ನನಗೆ ರೊಟ್ಟಿ ಇಳಿಯಲಿಲ್ಲ. ಆದರೂ ಮರುದಿನ ಬ್ರಷ್ಷು ಹಿಡಿದು ಹೋದೆ.

ಹತ್ತನೆಯ ದಿನ ಓಣಿಯೆಲ್ಲ ಗೋಡೆಯ ಹತ್ತಿರ ನೆರೆಯಿತು. ಶಂಶುದ್ದೀನನ ಕುಂಡದಲ್ಲಿ ನಾಲ್ಕು ಅಲಸಂದಿ ಸಸಿ ನೆಟ್ಟಗೆ ನಿಂತಿದ್ದವು, ಕಳೆ ಇಲ್ಲ. ನನ್ನದರಲ್ಲಿ ಅಲಸಂದಿ ಮುರುಟಿತ್ತು, ಕಳೆ ಇಲ್ಲ. ಬೆಳಿಗ್ಗೆಯೇ ಹನ್ನೊಂದು ಕಿತ್ತಿದ್ದೆ.

"ಎರಡೂ ಸಾಫ್ ಅದಾವ" ಎಂದ ಶಂಶುದ್ದೀನ್, ದನಿ ತಗ್ಗಿಸಿ. ಅವನಿಗೂ ಬೇಸರವಾಗಿತ್ತು. "ಮಣ್ಣಾಗ ಇಲ್ಲಂದ್ರ ಖುರ್ಪಿಯಿಂದನ ಬಂದಂಗಾತಲ್ಲ ಬಾಯಿ."

ಶೇವಂತಾಬಾಯಿ ನನ್ನ ಕುಂಡದ ಮುರುಟಿದ ಅಲಸಂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆದರೆ ಅವಳು ಕಟ್ಟಿದ ಮಾತು ಜೇಕಿನದು, ಅಲಸಂದಿಯದಲ್ಲ. ಖುರ್ಪಿಯನ್ನು ಸೆರಗಿಗೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿದಳು. "ಮಾತು ಅಂದ್ರ ಮಾತು. ಜೈಭೀಮ್ರಿ ಎಲ್ಲರಿಗೂ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಓಣಿಯ ತಿರುವು ಮುಟ್ಟಿದರೆ ಆಯಿತು, ಮತ್ತೆ ಬರುವವಳಲ್ಲ. ಏನು ಹೇಳಬೇಕೆಂದು ತಿಳಿಯದೆ, ಇಪ್ಪತ್ತೊಂಬತ್ತು ವರ್ಷದ ಅಭ್ಯಾಸವೇ ಬಾಯಿಗೆ ಬಂತು.

"ಪ್ರಯಾಣಿಕರ ಗಮನಕ್ಕೆ! ರಾಜೇಶ್ವರಕ್ಕೆ ಹೋಗತಕ್ಕ ಶೇವಂತಾಬಾಯಿಯವರು ದಯವಿಟ್ಟು ನಿಲ್ಲಬೇಕು!"

ಅವಳು ನಿಂತಳು. ಅತ್ತಲಿಂದ ಹೋಗುತ್ತಿದ್ದ ಆಟೋ ಕೂಡ ನಿಂತಿತು.

"ಕಳ್ಳ ನಾನು! ಗೊಬ್ಬರ ತಂದವ ನಾನು! ಸುಳ್ಳು ಹೇಳಿದವ ನಾನು!" ಟಾಕಿಯ ಹಿಂದಿನಿಂದ ಚೀಲವನ್ನು ದರದರನೆ ಎಳೆದು ತಂದೆ. ಅಷ್ಟರಲ್ಲಿ ಅದು ಚೀಲವಾಗಿ ಉಳಿದಿರಲಿಲ್ಲ, ಹುಲ್ಲಿನ ಪೊದೆಯಾಗಿತ್ತು. ನನ್ನ ಕುಂಡವನ್ನು ಎತ್ತಿ ನೆಲಕ್ಕೆ ಬೋರಲು ಹಾಕಿದೆ. ಮಣ್ಣಿನ ತುಂಬ ಕರೀ ಗಂಟು, ಗಂಟಿಗೆಲ್ಲ ಹರಿದ ಮೋಟು.

ಶೇವಂತಾಬಾಯಿ ಹಿಂತಿರುಗಿ ಬಂದು ಕುಕ್ಕರಿಸಿ ಒಂದು ಗಂಟನ್ನು ಎತ್ತಿ ನೋಡಿದಳು. "ಯವ್ವಾ! ಯಾರು ಕಿತ್ತಾರಿದು, ಹಿಂಗ ಹರದು ಹರದು? ಖುರ್ಪಿ ಹಿಡದ ಕೈ ಅಲ್ಲಿದು, ಮೈಕ್ ಹಿಡದ ಕೈ." ಫರ್ಹೀನ್ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಶೇವಂತಾಬಾಯಿ ನಗಲಿಲ್ಲ. ತಲೆ ಎತ್ತದೆ ನನಗೊಬ್ಬನಿಗೆ ಕೇಳುವಷ್ಟೇ ಹೇಳಿದಳು. "ನೀವು ಒದರಿದ ದಿನ ನಾ ಬಸ್ಸಿನಾಗ ಊರ ತನಕ ಅತ್ತೀನ್ರಿ ಅಣ್ಣಾರ."

"ಮಾಫ್ ಮಾಡವ್ವಾ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಮಾಫಿ ಒಯ್ದು ಏನ್ ಮಾಡ್ಲಿ? ನಾ ಮೂರು ದಿನ ಪುಕ್ಕಟ ಬಂದೀನಿ. ಮುಯ್ಯಿ ಕೊಡ್ರಿ."

ಮುಯ್ಯಿ ಎಂದರೆ ನಮ್ಮಲ್ಲಿ ಹಳೇ ಪದ್ಧತಿ. ಇವತ್ತು ನಿನ್ನ ಹೊಲಕ್ಕೆ ನಾನು ದುಡಿದರೆ ನಾಳೆ ನನ್ನ ಹೊಲಕ್ಕೆ ನೀನು ದುಡಿಯಬೇಕು. ರೊಕ್ಕ ಕೊಡುತ್ತೇನೆಂದರೆ ನಡೆಯುವುದಿಲ್ಲ, ಬೆನ್ನನ್ನೇ ಕೊಡಬೇಕು.

ಹೀಗೆ ಅರವತ್ನಾಲ್ಕರ ನಾನು ಮೂರು ಭಾನುವಾರ ರಾಜೇಶ್ವರಕ್ಕೆ ಹೋಗಿ, ಶೇವಂತಾಬಾಯಿಯ ಉಳ್ಳಾಗಡ್ಡಿಯಲ್ಲಿ ಹೆಂಗಸರ ಸಾಲಿನ ಕೊನೆಗೆ ಕೂತೆ. ಮೊದಲ ದಿನ ಅವರು ಬದುವಿನ ತುದಿ ಮುಟ್ಟಿ ತಿರುಗಿ ಬಂದರೂ ನಾನು ನಡುವೆಯೇ ಇದ್ದೆ. "ಹುಮನಾಬಾದ್ ಬಸ್ ಲೇಟ್ ಅದರಿ ಇವತ್ತು!" ಎಂದು ಗಯಾಬಾಯಿ ಎಂಬ ಮುದುಕಿ ಕೂಗಿದಳು. ಉಸಿರಿದ್ದರೆ ಉತ್ತರ ಕೊಡುತ್ತಿದ್ದೆ. ಮಧ್ಯಾಹ್ನ ಲಾಲಪ್ಪನ ಪಕ್ಕ ಕೂತು ಬಿಸಿ ರೊಟ್ಟಿ, ಹತ್ತರಕಿ ಪಲ್ಯ ಉಂಡೆ. ಅಷ್ಟು ರುಚಿಯ ಊಟ ಮದುವೆಮನೆಯಲ್ಲೂ ಉಂಡಿಲ್ಲ. ಎರಡನೆಯ ವಾರ ಗಂಟಿನ ಜಾಡು ಬೆರಳಿಗೆ ಸಿಕ್ಕಿತು. ಮೂರನೆಯ ವಾರ ನನ್ನ ಸಾಲಿಗೆ ಶೇವಂತಾಬಾಯಿ ತಾನೇ ಬಂದು, ಅಲ್ಲಲ್ಲಿ ಕೆದಕಿ ನೋಡಿ, ಎಲ್ಲರ ಮುಂದೆ ಹೇಳಿದಳು. "ಪಾಸ್. ಈ ಸಾಲಿಗಿ ಎರಡು ತಿಂಗಳು ಗ್ಯಾರಂಟಿ ಅಣ್ಣಾರದು."

ಈಗ ಓಣಿಯ ಎಂಟೂ ಮನೆ ಅವಳವೇ, ಒಂಬತ್ತನೆಯದು ಹೊಸದಾಗಿ ಸೇರಿದೆ. ಯಾರು ಗೊಬ್ಬರದ ಚೀಲ ತಂದರೂ ಮೊದಲು ಒಂದು ಕುಂಡಕ್ಕೆ ತುಂಬಿ, ನಾಲ್ಕು ಅಲಸಂದಿ ಊರಿ, ನಮ್ಮ ಗೋಡೆಯ ಮೇಲಿಡಬೇಕು. ಹದಿನೈದು ದಿನ ಕಾವಲು ನನ್ನದು. ಬ್ರಷ್ಷು ಹಿಡಿದು ಆ ಗೋಡೆಯ ಹತ್ತಿರ ಹೋಗುವುದನ್ನು ಮಾತ್ರ ಸತ್ಯಮ್ಮ ನಿಷೇಧಿಸಿದ್ದಾಳೆ.

ಮೊನ್ನೆ, ನನ್ನ ಗ್ಯಾರಂಟಿಯ ಲೆಕ್ಕದ ನಲವತ್ತೊಂದನೆಯ ದಿನ, ಫೋನ್ ಬಂತು.

"ಪ್ರಯಾಣಿಕರ ಗಮನಕ್ಕರಿ" ಎಂದಳು ಶೇವಂತಾಬಾಯಿ. ಹಿಂದೆ ಹೆಂಗಸರ ನಗೆ ಕೇಳುತ್ತಿತ್ತು. "ನಿಮ್ಮ ಸಾಲಿನಾಗ ಜೇಕು ಬಂದದ. ಹನ್ನೆರಡು."

ನನಗೆ ನಾಚಿಕೆಯಾಗಬೇಕಿತ್ತು, ಖುಷಿಯಾಯಿತು. ಹೊಸದಾಗಿ ಕೊಂಡ ನನ್ನ ಖುರ್ಪಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಬಸ್ ನಿಲ್ದಾಣಕ್ಕೆ ನಡೆದೆ. ಕಲ್ಯಾಣದ ಬಸ್ಸು ಹೊರಡುವುದನ್ನು ಈಗ ಯಾರೋ ಹುಡುಗಿ ಮೈಕಿನಲ್ಲಿ ಹೇಳುತ್ತಾಳೆ. ಮೆತ್ತಗಿನ ದನಿ. ಬಸ್ಸಿನಲ್ಲಿ ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ.

"ರಾಜೇಶ್ವರ" ಎಂದೆ. "ಗ್ಯಾರಂಟಿ ಕೆಲಸಕ್ಕೆ ಹೊಂಟೀನಿ."