ನಿಂತ ಮಿಲ್ಲಿನ ಸದ್ದು

ಮಧುವನಹಳ್ಳಿಯಲ್ಲಿ ನಾನು ಮತ್ತು ನನ್ನ ಗಂಡ ಹಿಟ್ಟಿನ ಮಿಲ್ ನಡೆಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಮನೆಗೂ ಮಿಲ್ಲಿಗೂ ನಡುವೆ ಒಂದೇ ಗೋಡೆ. ರಾಗಿ ಸುರಿಯುವುದು ನಾನು, ಬೆಲ್ಟು ಮೋಟಾರು ನೋಡಿಕೊಳ್ಳುವುದು ಅವರು. ಒಳಗೆ ಮಾತು ಕೇಳುವುದಿಲ್ಲವಾದ್ದರಿಂದ ನಮ್ಮ ಸಂಸಾರದ ಬಹುಪಾಲು ಕೈಸನ್ನೆಯಲ್ಲೇ ನಡೆದಿದೆ. ಜಗಳ ಕಡಿಮೆ.

ಹೋದ ವರ್ಷ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಊಟಕ್ಕೆ ಕೂತೆವು. ಗೋಡೆಯಾಚೆ ಮೋಟಾರು ಕುಂಯ್ ಎನ್ನುತ್ತಲೇ ಇತ್ತು.

"ಮೋಟ್ರು ಆಫ್ ಮಾಡಿಲ್ವಾ?" ಎಂದೆ.

"ಕರೆಂಟೇ ಇಲ್ಲ ಕಣಮ್ಮಿ."

ಆದರೂ ಎದ್ದು ಹೋಗಿ ನೋಡಿ ಬಂದರು. ಸಾರು ಬಡಿಸುವಷ್ಟರಲ್ಲಿ ನಾನು ಮತ್ತೆ ಕಳಿಸಿದೆ. ಮೂರನೆಯ ಸಲ ಫ್ಯೂಸನ್ನೇ ಕಿತ್ತು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಸದ್ದು ನಿಲ್ಲಲಿಲ್ಲ. ನಾನು ಊಟ ಮುಗಿಸಿದೆ.

ಯಳಂದೂರಿನಲ್ಲಿರುವ ನಾದಿನಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕಳಿಸಿದಳು. ಕಿವಿಗೆ ಬಿಟ್ಟುಕೊಂಡೆ. ಒಂದು ವಾರ ಒಗ್ಗರಣೆಯ ವಾಸನೆ ಹೊಡೆಯಿತೇ ಹೊರತು ಸದ್ದು ಹೋಗಲಿಲ್ಲ. ಕೊನೆಗೆ ಕೊಳ್ಳೇಗಾಲಕ್ಕೆ, ಕಿವಿ ಡಾಕ್ಟರ ಹತ್ತಿರ ಹೋದೆವು. ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಯಾವುದು ಅವರದು ಯಾವುದು ನನ್ನದು ತಿಳಿಯದೆ ಕೆಲವು ಸಲ ಅಂದಾಜಿಗೆ ಒತ್ತಿದೆ.

"ಸದ್ದು ಹುಟ್ತಾ ಇರೋದು ಕಿವೀಲಲ್ಲಮ್ಮ, ಮಿದುಳಲ್ಲಿ," ಎಂದರು ಆ ಡಾಕ್ಟರಮ್ಮ.

"ತಲೇಲಿ ಏನೋ ಅದೆ ಅನ್ನೋ ಗುಮಾನಿ ನಂಗೆ ಮೊದ್ಲಿಂದ್ಲೂ ಇತ್ತು ಮೇಡಂ," ಎಂದರು ನನ್ನ ಗಂಡ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೀಚುತ್ತಾ ವಿವರಿಸಿದರು. ಕಿವಿಯ ಒಳಗೆ ದನಿ ಹಿಡಿಯುವ ಸಣ್ಣ ಕೂದಲಿನಂಥವು ಇರುತ್ತವಂತೆ. ಕೀಚಲು ದನಿ ಹಿಡಿಯುವವನ್ನು ಮಿಲ್ಲಿನ ಗಲಾಟೆ ಹಾಳು ಮಾಡಿದೆ. ಆ ದನಿಗಳ ಸುದ್ದಿ ಮಿದುಳಿಗೆ ಮುಟ್ಟುತ್ತಿಲ್ಲ. ಸುದ್ದಿ ಬರದಿದ್ದರೆ ಮಿದುಳು ತಾನೇ ವಾಲ್ಯೂಮ್ ಏರಿಸುತ್ತದೆ. ಅಲ್ಲಿನ ಜೀವಕೋಶಗಳು ಎಚ್ಚರದಲ್ಲಿ ಒಂದು ಲಯದಲ್ಲಿ, ನಿದ್ದೆಯಲ್ಲಿ ಇನ್ನೊಂದು ನಿಧಾನ ಲಯದಲ್ಲಿ ಮಿಡಿಯುತ್ತವೆ. ಸುದ್ದಿ ನಿಂತ ಜಾಗದವು ಹಗಲಲ್ಲೂ ನಿದ್ದೆಯ ಲಯಕ್ಕೆ ಇಳಿದುಬಿಡುತ್ತವೆ. ಅವುಗಳ ಅಂಚಿನಲ್ಲಿರುವವಕ್ಕೆ ಹಿಡಿತ ತಪ್ಪಿ, ಎಲ್ಲ ಒಟ್ಟಿಗೆ ಜೋರಾಗಿ ಮಿಡಿಯತೊಡಗುತ್ತವೆ. ಆ ಮಿಡಿತವೇ ನಮಗೆ ಸದ್ದಾಗಿ ಕೇಳುತ್ತದೆ.

"ಹಿಂಗೇ ಅಂತ ತುಂಬ ಜನ ತಿಳ್ಕೊಂಡಿದಾರೆ. ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ," ಎಂದು ಸೇರಿಸಿದರು. ಪ್ರಾಮಾಣಿಕ ಹೆಂಗಸು. ನಿಲ್ಲಿಸುವ ಮಾತ್ರೆ ಇಲ್ಲ, ಕಿವಿಗೆ ಮಿಷಿನ್ ಹಾಕಿದರೆ ಕಡಿಮೆಯಾಗಬಹುದು ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಕಿವಿ ಮಂದವೇ ಎಂದು ಕೇಳಿದರು.

"ನಮ್ಮತ್ತೆಗೆ. ನಮಗಿಂತ ಮುಂಚೆ ಮಿಲ್ ನೋಡ್ಕೊಂಡಿದ್ದು ಅವರೇ."

"ಅವರಿಗೂ ಸದ್ದು ಬರುತ್ತಾ?"

ನಾನು ಗಂಡನ ಮುಖ ನೋಡಿದೆ, ಅವರು ಹಾಳೆ ನೋಡಿದರು.

ಬಸ್ಸಿನಲ್ಲಿ ಹಳೆಯದೆಲ್ಲ ನೆನಪಾಯಿತು. ಅತ್ತೆ ನಾಲ್ಕೈದು ವರ್ಷ ಜಗಲಿಯ ಮೇಲೆ ಕೂತು, "ಮಿಲ್ ಆಫ್ ಮಾಡ್ರವ್ವಾ, ಸಾಕು," ಎನ್ನುತ್ತಿದ್ದರು. ರಜಾ ದಿನವೂ ಅದೇ ಮಾತು. ಆಫ್ ಆಗಿದೆ ಅಂತ ಎಷ್ಟು ಹೇಳಿದರೂ ಮತ್ತೆ ಕೇಳುವರು. ಅರಳುಮರಳು ಎಂದು ನೆಂಟರಿಗೆಲ್ಲ ಹೇಳಿದೆವು. ಒಲೆಯ ಹತ್ತಿರ ಬಿಡಲಿಲ್ಲ. ಅವರ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ನಾನೇ ಬಿಚ್ಚಿಕೊಂಡೆ. ಆಮೇಲೆ ಅವರು ಮಿಲ್ ಮಾತೆತ್ತಲಿಲ್ಲ. ಸುಧಾರಿಸಿದರು ಎಂದುಕೊಂಡೆವು.

ಮನೆಗೆ ಬಂದವಳೇ ಅವರ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. "ಅತ್ತೆ, ಈಗ ಮಿಲ್ ಸದ್ದು ಕೇಳ್ತಾ ಅದಾ?"

ನನ್ನನ್ನೇ ನೋಡಿದರು. "ಇಲ್ಲ ಕಣ್ಮಗ. ಏನೂ ಇಲ್ಲ."

"ನಂಗೆ ಕೇಳ್ತಾ ಅದೆ."

"ಕರೆಂಟಿಲ್ದಾಗ್ಲೂವಾ?"

"ಊಂ."

ಅತ್ತೆ ನನ್ನ ಕಡೆ ಸರಿದು ಕೂತರು. "ನಿಂದು ಯಂಗದೆ?"

"ಕುಂಯ್ ಅಂತ."

"ನಂದು ಜೀರುಂಡೆ ತರ. ಯೋಳುದ್ರೆ ಬೀಗದ ಕೈ ಕಿತ್ಕಂಡ್ರಿ. ಇನ್ನೂ ಯೋಳುದ್ರೆ ಇನ್ನೇನ್ ಕಿತ್ಕತೀರೋ ಅಂತ ಸುಮ್ಗಾದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಪ್ಪಾಯ್ತು ಅತ್ತೆ, ಎಂದೆ. ಅವರಿಗೆ ಕೇಳಲಿಲ್ಲ. ಇನ್ನೊಂದು ಸಲ ಕಿರುಚಿ ಹೇಳಬೇಕಾಯಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಒಳಗೆ ಹೋಗಿ ಗೊಂಚಲು ತಂದು ಮಡಿಲಲ್ಲಿಟ್ಟೆ. ಅವರು ಒಂದೊಂದೇ ಬೀಗದ ಕೈ ಎಣಿಸಿ, "ಟ್ರಂಕಿಂದು ಎಲ್ಲಿ?" ಎಂದರು. ಅದನ್ನೂ ಹುಡುಕಿ ಕೊಟ್ಟೆ.

ಮುಂದಿನ ವಾರ ಅವರನ್ನೂ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಈಗ ಇಬ್ಬರಿಗೂ ಮಿಷಿನ್ ಇದೆ. ನನ್ನ ಸದ್ದು ಅರ್ಧಕ್ಕೆ ಇಳಿದಿದೆ, ಹೋಗಿಲ್ಲ. ಅತ್ತೆಯದು ಅಷ್ಟೇನೂ ಇಳಿದಿಲ್ಲ. ಆದರೆ ಮಗ ಅನ್ನ ಅಗಿಯುವ ಸದ್ದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲವಂತೆ. ಊಟದ ಹೊತ್ತಿಗೆ ಮಿಷಿನ್ ತೆಗೆದಿಡುತ್ತಾರೆ. ಸಂಜೆ ಜಗಲಿಯ ಮೇಲೆ ಕೂತಾಗ, "ಇವತ್ತೆಷ್ಟದೆ?" ಎಂದು ಕೇಳುತ್ತಾರೆ. ನನ್ನದು ನಾನು ಹೇಳುತ್ತೇನೆ, ಅವರದು ಅವರು ಹೇಳುತ್ತಾರೆ.