ನೀಲಿ ಪರದೆಗೆ ದಿನಾ ಬಣ್ಣ ಬಳಿಸುವ ಯಶೋಧರಾ

ಶಹಾಪುರ ಬಸ್ ನಿಲ್ದಾಣದ ಹಿಂದಿನ ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಚಹದಂಗಡಿಯವ ಒಲೆಯ ಮುಂದೆ ಆಕಳಿಸುತ್ತ ಕೂತಿದ್ದಾನೆ. ಅವನ ತಲೆಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕೇಂದ್ರದ ಷಟರ್ ಕರಕರ ಸದ್ದು ಮಾಡಿ ಮೇಲೇಳುತ್ತದೆ. ಯಶೋಧರಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಸಾಲಿನ ತುದಿಯಿಂದ ತುದಿಗೆ ಗುಂಡಿ ಒತ್ತುತ್ತ ನಡೆದು, ತಿರುಗಿ ನಿಲ್ಲುವ ಹೊತ್ತಿಗೆ ಯಂತ್ರಗಳೆಲ್ಲ ಎಚ್ಚರಾಗಿರುತ್ತವೆ. ಎಲ್ಲ ಪರದೆಗಳ ಮೇಲೂ ಒಂದೇ ನೀಲಿ, ನಡುವೆ ಸಂಸ್ಥೆಯ ಬಿಳಿ ಲಾಂಛನ.

"ನಿನ್ನಿ ಎಲ್ಲಾ ಬರೋಬರಿ ಮಾಡಿ ಹೋಗಿದ್ವಿ. ಮತ್ತ ಅಳಿಸಿಕೊಂಡು ಕುಂತಾವ ನೋಡ್ರಿ," ಎನ್ನುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆ ಸದ್ದು. ಶಿರವಾಳದ ಮಾಳಮ್ಮ ಮೊದಲು ಬರುತ್ತಾರೆ, ಹೆಗಲ ಮೇಲೆ ಕಂಬಳಿ ಸಮೇತ. ಹಿಂದೆ ಕೂಲಿ ಕೆಲಸದ ಭಾರತಿ, ಹೊಲಿಗೆಯ ಹಜರಾಬೀ, ಇನ್ನೂ ಕೆಲವರು. ಇದು ಹೆಂಗಸರ ಮುಂಜಾನೆಯ ತಂಡ. ಹೊಲ, ಕುರಿ, ಅಡುಗೆ ಯಾವುದೂ ಕರೆಯುವ ಮೊದಲು ಕಂಪ್ಯೂಟರ್ ಕಲಿತು ಹೋಗುವವರು. ಯಶೋಧರಾ ಇವರಿಗೆ ಗುರುಗಳಲ್ಲ. ಯಂತ್ರ ಹಚ್ಚುವುದು, ಆರಿಸುವುದು, ಕೆಟ್ಟರೆ ಹೇಳುವುದು ಆಕೆಯ ನೌಕರಿ, ಹುದ್ದೆಯ ಹೆಸರು ಸಹಾಯಕಿ. ಕಲಿಸುವವರು ಯಾದಗಿರಿಯಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಉಳಿದ ದಿನ ಕಲಿಸುವುದು ಯಾರು ಎಂದು ಸಂಸ್ಥೆಯ ಯಾವ ಫಲಕವೂ ಹೇಳುವುದಿಲ್ಲ.

ಮಾಳಮ್ಮ ತಮ್ಮ ಯಂತ್ರದ ಮುಂದೆ ಕೂತು, ಪರದೆಯ ಬೆಳಕಿಗೆ ಕಣ್ಣು ಕಿರಿದು ಮಾಡಿ, ಹಿಂದಕ್ಕೆ ತಿರುಗುತ್ತಾರೆ. "ಯವ್ವಾ, ಜರಾ ಮಾಡಿ ಕೊಡ ಬಾ."

"ನಾ ಮುಟ್ಟಂಗಿಲ್ಲ," ಎಂದು ಯಶೋಧರಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. "ಸೋಮವಾರ ಪರೀಕ್ಷಿ ಅದ. ಅಲ್ಲಿ ನಾ ಇರ್ತೀನೇನು? ನೀವ ಬಳೀರಿ."

ಈ ಬಳಿಯುವ ಮಾತು ಎಲ್ಲಿಂದ ಬಂತು ಎನ್ನುವುದಕ್ಕೆ ದೋರನಹಳ್ಳಿಗೆ ಹೋಗಬೇಕು. ಯಶೋಧರಾ ಅವರ ತಾಯಿ ಕರೆಮ್ಮ ಹಬ್ಬ ಬಂತೆಂದರೆ ಊರ ಮನೆಗಳಿಗೆ ಸುಣ್ಣ ಹಚ್ಚುತ್ತಿದ್ದವರು. ಹಚ್ಚುತ್ತಿದ್ದದ್ದು ಹೊರಗಿನ ಗೋಡೆಗೆ ಮಾತ್ರ, ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ತಂದೆ ಮರಿಲಿಂಗಪ್ಪ ಕೂಲಿಯ ದುಡಿಮೆಯಲ್ಲೇ ಮಗಳನ್ನು ಬಿ.ಎ. ಓದಿಸಿದರು. ಆಮೇಲೆ ಆಕೆ ಯಾದಗಿರಿಯ ಒಂದು ಖಾಸಗಿ ತರಗತಿಗೆ ಕಂಪ್ಯೂಟರ್ ಕಲಿಯಲು ಸೇರಿದರು. ಹಿಂದಿನ ಬೆಂಚು. ಯಂತ್ರ ಕೈಗೆ ಸಿಗುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ, ಅದೂ ಏನೂ ಕೆಡಿಸಬಾರದು ಎಂಬ ಎಚ್ಚರಿಕೆಯೊಂದಿಗೆ.

"ಏನು ಮುಟ್ಟಿದ್ರೂ ಬೈತಿದ್ರು. ಹಿಂದಿನ ಚಿತ್ರ ಬದಲು ಮಾಡಿದ್ರ ಮಾತ್ರ ಏನೂ ಕೆಡಂಗಿಲ್ಲ ಅಂತ ಗೊತ್ತಾತು. ಬಣ್ಣ ಬದಲು ಮಾಡಿದೆ, ಅಕ್ಷರ ದೊಡ್ಡವು ಮಾಡಿದೆ, ಮೌಸಿನ ಬಾಣ ಸಣ್ಣದು ಮಾಡಿದೆ. ಎಲ್ಲಾ ಮಷೀನಿನ ಹೊಟ್ಟ್ಯಾಗ ಇದ್ದದ್ದೇ ರೀ, ಹೊರಗಿಂದ ಒಂದು ಕಡ್ಡೀನೂ ತರೂ ಹಂಗಿಲ್ಲ. ಅಲ್ಲಿ ಮಾಸ್ತರ್ ನಕ್ಕರು, ಸುಣ್ಣ ಹಚ್ಚೋ ಕೆಲಸ ಬಿಡಂಗಿಲ್ಲ ನೀ ಅಂದ್ರು."

ನಕ್ಕವರಿಗೆ ಆಕೆಯ ಉತ್ತರ ಇಷ್ಟು ವರ್ಷಗಳ ನಂತರವೂ ತಣ್ಣಗಾಗಿಲ್ಲ. "ಹೌದು, ಸುಣ್ಣಾನೇ ಹಚ್ಚತೀನಿ. ನಮ್ಮವ್ವ ಹೊರಗಿನ ಗೋಡಿಗೆ ಹಚ್ಚಿದ್ಳು. ನಾ ಒಳಗ ಹೊಕ್ಕು ಹಚ್ಚತೀನಿ."

ಶಹಾಪುರದ ಕೇಂದ್ರಕ್ಕೆ ಬಂದ ಹೊಸದರಲ್ಲಿ ಆಕೆ ನೋಡಿದ್ದು ಇಷ್ಟು: ಹೆಂಗಸರು ಬರುತ್ತಾರೆ, ಕೂರುತ್ತಾರೆ, ನಾಲ್ಕು ದಿನಕ್ಕೆ ಬಿಡುತ್ತಾರೆ. ತಲೆಗೆ ಹತ್ತುವುದಿಲ್ಲ ಎಂದು ಎಲ್ಲರೂ ಷರಾ ಬರೆದುಬಿಟ್ಟಿದ್ದರು. ಯಶೋಧರಾ ಪಕ್ಕದಲ್ಲಿ ಕೂತು ಕೇಳಿದಾಗ ಬೇರೆಯೇ ಮಾತು ಹೊರಬಿತ್ತು. ಭಾರತಿಯ ಬಲಗೈ ಬೆರಳುಗಳು ಕಾಳು ಬಡಿಯುವ ರಾಶಿ ಮಷೀನಿಗೆ ಸಿಕ್ಕಿ ಮಡಚದಂತಾಗಿವೆ. ಮೌಸ್ ಎಡಗೈಗೆ ಬದಲಿಸಿ, ಗುಂಡಿಗಳನ್ನೂ ಅದಲುಬದಲು ಮಾಡಿಕೊಟ್ಟರು. ಇಡೀ ದಿನ ಹೊಲಿದು ಹೊಲಿದು ಹಜರಾಬೀಯ ಕೈ ನಡುಗುತ್ತದೆ. ಬಾಣದ ಓಟವನ್ನು ತಗ್ಗಿಸಿ, ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನು ದೂರದೂರ ಇಟ್ಟುಕೊಟ್ಟರು. ಇಬ್ಬರೂ ಆಮೇಲೆ ಬಿಡಲಿಲ್ಲ.

ಮಾಳಮ್ಮನದು ದೊಡ್ಡ ಕಥೆ. ಏಳನೇ ಇಯತ್ತೆ ಓದಿ ಕುರಿ ಹಿಂದೆ ಹೋದವರು. ಅವರ ಊರಿನ ಹೆಂಗಸರ ಉಣ್ಣೆ ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿದೆ. ಪ್ರಮಾಣಪತ್ರ ಇದ್ದವರು ಮಾತ್ರ ಅದರ ಮುಂದೆ ಕೂರಬೇಕು ಎಂದು ಮೇಲಿನವರು ಹೇಳಿದ್ದೇ ತಡ, ಊರಿನ ಗಂಡಸರೊಬ್ಬರು ಕುರ್ಚಿ ಎಳೆದುಕೊಳ್ಳಲು ತಯಾರಾದರು. "ಕುರಿ ನಮ್ಮವು, ಉಣ್ಣಿ ನಮ್ದು, ಸಂಘ ನಮ್ದು. ಕುರ್ಚಿ ಯಾಕ ಅವಂಗ ಕೊಡ್ಲಿ?" ಎಂದು ಮಾಳಮ್ಮ ಶಹಾಪುರದ ಹಾದಿ ಹಿಡಿದರು.

ಆದರೆ ಅವರ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಮಂಜು. ಬಿಳಿ ಹಾಳೆಯ ಮೇಲಿನ ಬಿಳಿ ಬಾಣ ಕಾಣುವುದೇ ಇಲ್ಲ. ಖುಷಿಪಡಿಸೋಣ ಎಂದು ಯಶೋಧರಾ ಮೊದಲು ಮಾಡಿದ್ದು ಮಾಳಮ್ಮನ ಕುರಿಹಿಂಡಿನ ಫೋಟೋ ತಂದು ಪರದೆಗೆ ಹಿನ್ನೆಲೆಯಾಗಿ ಹಾಕಿದ್ದು. ನೋಡಿದವರೇ ಮಾಳಮ್ಮ ಕುರ್ಚಿಯಿಂದ ಎದ್ದರು.

"ತಗಿ ಅದನ್ನ! ಹೋಗಿ ಬರೋರೆಲ್ಲ ನೋಡೋ ಜಾಗದಾಗ ಹಿಂಡು ನಿಂದ್ರಸ್ತಾರೇನು? ಕೆಟ್ಟ ನದರ ಹತ್ತಿದ್ರ ಏನ್ ಮಾಡ್ಲಿ?" ಇನ್ನೂ ಒಂದು ತಕರಾರಿತ್ತು. ಮೂಲೆಯ ಮರಿಯೊಂದು ಕಸದ ಡಬ್ಬಿಯ ಚಿತ್ರದ ಹಿಂದೆ ಮರೆಯಾಗಿತ್ತು. "ನನ್ನ ಮರಿ ಕಸದಾಗ ಹಾಕ್ಯಾಳ!"

ಆ ದಿನ ಯಶೋಧರಾಗೆ ನಗು ಬಂತು, ನಾಚಿಕೆಯೂ ಆಯಿತು. ಹಿಂಡನ್ನು ತೆಗೆದರು. ಹಾಗಾದರೆ ಬೆಟ್ಟದಲ್ಲಿ ಹತ್ತು ಮಂದಿಯ ಕುರಿ ಕೂಡಿದಾಗ ನಿಮ್ಮದನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದರು. ಬೆನ್ನಿಗೆ ಹುರಮಂಜಿನ ಕೆಂಪು ಮಣ್ಣು ಬಳಿದಿರುತ್ತೇವಲ್ಲ ಎಂದರು ಮಾಳಮ್ಮ. ಅಷ್ಟು ಸಾಕಾಯಿತು. ಮಾಳಮ್ಮ ಹೊದ್ದಿದ್ದ ಕರಿಕಂಬಳಿಯ ಫೋಟೋ ತೆಗೆದು ಹಿನ್ನೆಲೆಗೆ ಹಾಸಿದರು, ಪರದೆಯನ್ನೆಲ್ಲ ಕಪ್ಪು ಮಾಡಿ ಅಕ್ಷರಗಳನ್ನು ದಪ್ಪ ಮಾಡಿದರು, ಬಾಣವನ್ನು ಹಿಗ್ಗಿಸಿ ಹುರಮಂಜಿನ ಕೆಂಪು ಹಚ್ಚಿದರು. "ಈಗ ಸಿಕ್ಕಿತು ನೋಡು ನನ್ನ ಕುರಿ," ಎಂದು ಮಾಳಮ್ಮ ಮೌಸ್ ಹಿಡಿದರು.

ಇದೆಲ್ಲ ಸುಸೂತ್ರ ನಡೆದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಸುರಪುರದ ಕೇಂದ್ರ ನೋಡಿಕೊಳ್ಳುತ್ತಿದ್ದ ಸಂಯೋಜಕ ಕಾಂತೇಶ ಅವರಿಗೆ ಶಹಾಪುರದ ಹೊಣೆಯೂ ಬಂತು. ಕೆಟ್ಟವರಲ್ಲ, ಶಿಸ್ತಿನವರು. ಮುಂಜಾನೆಯ ಕಪ್ಪು ಪರದೆ, ತಿರುಗುಮುರುಗು ಗುಂಡಿ ಕಂಡು ಮಧ್ಯಾಹ್ನ ಅದೇ ಯಂತ್ರಗಳಲ್ಲಿ ಕಲಿಯುವ ಹುಡುಗರು ದೂರು ಹೇಳಿದ್ದೂ ಸುಳ್ಳಲ್ಲ. ಕಾಂತೇಶ ಎಲ್ಲ ಯಂತ್ರಗಳಿಗೂ ಸಂಸ್ಥೆಯ ನೀಲಿ ಹಾಕಿಸಿದರು. ಯಂತ್ರ ಆರಿಸಿದ ಕೂಡಲೇ ಮಾಡಿದ ಬದಲಾವಣೆಯೆಲ್ಲ ಅಳಿಸಿ ಅದೇ ನೀಲಿ ಮರಳುವಂತೆ ಬಂದೋಬಸ್ತೂ ಮಾಡಿಸಿದರು. "ಎಲ್ಲಾರಿಗೂ ಒಂದೇ ತರ ಇದ್ರ ಅದು ಸಮಾನತೆ," ಎನ್ನುವುದು ಅವರ ವಾದ.

"ಎಲ್ಲಾರಿಗೂ ಒಂದೇ ಅಳತಿ ಚಪ್ಪಲಿ ಕೊಟ್ಟು ನಡೀರಿ ಅನ್ನೋದು ಯಾವ ಸಮಾನತೆ ರೀ ಸರ್?" ಎಂದು ಯಶೋಧರಾ ಎದುರಿಗೇ ಕೇಳಿದ್ದಾರೆ. "ನೀಲಿ ಮ್ಯಾಲ ನನಗ ಸಿಟ್ಟಿಲ್ಲ. ಬೌದ್ಧರ ಮನಿ ಮಗಳು ನಾ, ನೀಲಿ ನಮ್ಮ ಎದಿಮ್ಯಾಲಿನ ಬಣ್ಣ. ಒತ್ತಾಯದ ಮ್ಯಾಲ ಸಿಟ್ಟು." ನೌಕರಿ ಹೋದೀತು ಎಂದು ಮನೆಯವರು ಹೆದರಿದರು. ಆಕೆ ಹೆದರಿದಂತೆ ಕಾಣಲಿಲ್ಲ. ಅಂದಿನಿಂದ ಇನ್ನೂ ಬೇಗ ಎದ್ದು, ದೋರನಹಳ್ಳಿಯಿಂದ ಮೊದಲ ಗಾಡಿ ಹಿಡಿದು ಬಂದು, ಒಬ್ಬೊಬ್ಬರ ಯಂತ್ರವನ್ನೂ ಅವರವರ ಕಣ್ಣಿಗೆ, ಕೈಗೆ ಹೊಂದುವಂತೆ ಮತ್ತೆ ಮೊದಲಿನಿಂದ ಸಿದ್ಧ ಮಾಡಿದರು. ನಿತ್ಯ.

ಆ ನಿತ್ಯದ ಕೆಲಸವೇ ಒಮ್ಮೆ ಕೈಕೊಟ್ಟಿತು. ಹಿಂದಿನ ಪರೀಕ್ಷೆಯ ದಿನ ಪರೀಕ್ಷಕರು ಯಂತ್ರಗಳನ್ನು ಆರಿಸಿ ಮತ್ತೆ ಹಚ್ಚಿದರು. ಯಶೋಧರಾಗೆ ಒಳಗೆ ಪ್ರವೇಶವಿಲ್ಲ. ನೀಲಿ ಬಂತು, ಗುಂಡಿಗಳು ಉಲ್ಟಾ ಆದವು, ಬಿಳಿ ಬಾಣ ಬಿಳಿ ಹಾಳೆಯಲ್ಲಿ ಕಳೆದುಹೋಯಿತು. ಹೊತ್ತೆಲ್ಲ ಬಾಣ ಹುಡುಕುವುದರಲ್ಲೇ ಮುಗಿಸಿದ ಮಾಳಮ್ಮ ಹೊರಗೆ ಬಂದು, "ಸಿಗಲಿಲ್ಲ ಯವ್ವಾ," ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ತಂಡದಲ್ಲಿ ಒಬ್ಬರೂ ಪಾಸಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಮುಂಜಾನೆಯ ತಂಡವೇ ಬಂದ್ ಎಂದು ಸಂಸ್ಥೆ ಹೇಳಿತು.

"ಅವತ್ತು ಮಾಳಮ್ಮನ ಮಾರಿ ನೋಡಿ ನನಗ ಗೊತ್ತಾತು. ಅವರ ಹೊಲ ನಾ ದಿನಾ ಹರಗಿ ಕೊಟ್ಟೀನಿ, ನೇಗಿಲು ಕೈಗೆ ಕೊಟ್ಟಿಲ್ಲ," ಎನ್ನುತ್ತಾರೆ ಯಶೋಧರಾ. ಅಂದಿನಿಂದ ಕೈ ಬೆನ್ನ ಹಿಂದೆ ಹೋಯಿತು.

ಬಾಣ ಕಾಣದವರು ಬಾಣ ಬದಲಿಸುವ ಜಾಗಕ್ಕೆ ಹೋಗುವುದಾದರೂ ಹೇಗೆ? ಕೀಲಿಮಣೆಯಿಂದಲೇ. ಕಿಟಕಿಯ ಗುರುತಿನ ಗುಂಡಿ ಹಿಡಿದು 'ಐ' ಒತ್ತಿದರೆ ಹೊಂದಾಣಿಕೆಯ ಮನೆ, ಅಂದರೆ ಸೆಟ್ಟಿಂಗ್ಸ್, ತೆರೆಯುತ್ತದೆ. ಅಲ್ಲಿಂದ ಮುಂದೆ ಬೆರಳಲ್ಲೇ ನಡೆಯಬೇಕು. ಮಾಳಮ್ಮ ಅದನ್ನು ಕುರಿ ಮೇಯಿಸುವ ದಾರಿಯಂತೆ ನೆನಪಿಟ್ಟುಕೊಂಡರು. ಹಿಂಡಿನ ಹಿಂದೆ ಹೋಗುವಾಗಲೂ ಬಾಯಲ್ಲಿ ಅದೇ: "ಕಿಟಕಿ ತಗಿ, ಬಾಗಲಾ ದಾಟು, ಕೆಳಗ ಇಳಿ, ಇಳಿ, ಬಾಣದ ಮನಿ ಬಂತು, ಕೆಂಪ ತಗೋ." ಕೇಳಿದವರು ಮುದುಕಿಗೆ ಏನೋ ಹಿಡಿದಿದೆ ಎಂದುಕೊಂಡರಂತೆ. "ಹಿಡದದ ಹೌದು, ಬಿಡಂಗಿಲ್ಲ ಅಂದೆ," ಎನ್ನುತ್ತಾರೆ ಮಾಳಮ್ಮ.

ಸೋಮವಾರ ಬರುತ್ತದೆ. ಪರೀಕ್ಷಕರು ಯಾದಗಿರಿಯಿಂದ ಬಂದಿದ್ದಾರೆ. ಯಂತ್ರಗಳು ಆರುತ್ತವೆ, ಮತ್ತೆ ಹತ್ತುತ್ತವೆ. ಯಶೋಧರಾ ಹೊರಗಿನ ಮೊಗಸಾಲೆಯಲ್ಲಿ, ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದಾರೆ. ಒಳಗೆ ನೀಲಿಯ ಸಾಲು. ಪ್ರಶ್ನೆ ಕೊಟ್ಟರೂ ಹೆಂಗಸರು ಯಾರೂ ಶುರು ಮಾಡುವುದಿಲ್ಲ. ಮಾಳಮ್ಮ ಪರದೆ ನೋಡುವುದನ್ನೇ ಬಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಬೆರಳು ಓಡಿಸುತ್ತಿದ್ದಾರೆ.

"ಏನ್ ಮಾಡಾಕತ್ತೀರಿ ನೀವು? ಮೊದಲ ಪ್ರಶ್ನೆ ಬಿಡಸ್ರಿ," ಎಂದು ಕಾಂತೇಶ ಹತ್ತಿರ ಬರುತ್ತಾರೆ.

"ಬಿಡಸ್ತೀನ್ರೀ. ಮೊದಲ ಕಣ್ಣು ಹಚ್ಚಿಕೊಳ್ಳಾಕತ್ತೇನಿ," ಎನ್ನುತ್ತಾರೆ ಮಾಳಮ್ಮ, ಕಣ್ಣು ತೆರೆಯದೆ.

ಕಾಂತೇಶ ಪರೀಕ್ಷಕರ ಕಡೆ ನೋಡುತ್ತಾರೆ. ಹೊರಗಿನಿಂದ ಏನಾದರೂ ತಂದಿದ್ದಾರೆಯೇ ಎಂದು ಪರೀಕ್ಷಕರು ವಿಚಾರಿಸುತ್ತಾರೆ. ಇಲ್ಲ, ಎಲ್ಲ ಯಂತ್ರದೊಳಗಿನದೇ ಎಂದು ಕಾಂತೇಶರೇ ಹೇಳಬೇಕಾಗುತ್ತದೆ. ಹಾಗಾದರೆ ಮಾಡಿಕೊಳ್ಳಲಿ ಬಿಡಿ ಎಂದು ಪರೀಕ್ಷಕರು ಕೂರುತ್ತಾರೆ. ಅಷ್ಟರಲ್ಲಿ ಮಾಳಮ್ಮನ ಪರದೆ ಕಂಬಳಿಯಷ್ಟು ಕಪ್ಪಾಗಿದೆ. ಅದರ ಮೇಲೆ ದೊಡ್ಡದೊಂದು ಕೆಂಪು ಬಾಣ ನಡೆಯತೊಡಗುತ್ತದೆ. ಪಕ್ಕದಲ್ಲಿ ಭಾರತಿ ಮೌಸನ್ನು ಎಡಕ್ಕೆ ಎಳೆದುಕೊಳ್ಳುತ್ತಾರೆ. ಕಿಟಕಿಯಾಚೆ ಯಶೋಧರಾಗೆ ಅಳು ತಡೆಯುವುದಿಲ್ಲ, ತಡೆಯಲು ಹೋಗುವುದೂ ಇಲ್ಲ.

ಮಾಳಮ್ಮ ಪಾಸಾಗಿದ್ದಾರೆ. ಹಜರಾಬೀ ಮತ್ತು ಉಳಿದವರೂ ಪಾಸು. ಭಾರತಿ ಮಾತ್ರ ಇನ್ನೊಮ್ಮೆ ಕೂರಬೇಕು, ಕೂರುತ್ತೇನೆ ಎಂದಿದ್ದಾರೆ. ಉಣ್ಣೆ ಸಂಘದ ಕುರ್ಚಿ ಮಾಳಮ್ಮನಿಗೆ ಸಿಕ್ಕಿತು, ಮುಂಜಾನೆಯ ತಂಡ ಉಳಿಯಿತು. ಉಳಿಯಿತು ಎಂದ ಮಾತ್ರಕ್ಕೆ ನೀಲಿ ಹೋಗಿಲ್ಲ. ನಿಯಮ ಮೇಲಿನದು, ತಮ್ಮ ಕೈಯಲ್ಲಿಲ್ಲ ಎಂದು ಕಾಂತೇಶ ಹೇಳುತ್ತಾರೆ. ಯಶೋಧರಾ ಇಂದಿಗೂ ಸಹಾಯಕಿಯೇ.

ಇನ್ನೊಂದು ಮುಂಜಾನೆ ಅದೇ ಷಟರ್, ಅದೇ ಕರಕರ. ಹೊಸದಾಗಿ ಸೇರಿದವರೊಬ್ಬರು ನೀಲಿ ಪರದೆಯ ಮುಂದೆ ಕಣ್ಣು ಕಿರಿದು ಮಾಡಿ ಕೂತಿದ್ದಾರೆ. ಅವರ ಪಕ್ಕ ಕುರ್ಚಿ ಎಳೆದುಕೊಂಡವರು ಮಾಳಮ್ಮ, ಕಲಿಯುವುದು ಮುಗಿದರೂ ಬಂದಿದ್ದಾರೆ. "ಕಿಟಕಿ ತಗಿ, ಬಾಗಲಾ ದಾಟು..." ಎಂದು ಶುರು ಮಾಡುತ್ತಾರೆ. ಯಶೋಧರಾ ಗೋಡೆಗೆ ಒರಗಿ, ಕೈ ಕಟ್ಟಿ ನೋಡುತ್ತಿದ್ದಾರೆ. ದಿನಾ ಅಳಿಸಿಹೋಗುವ ಕೆಲಸ ಬೇಸರ ತರುವುದಿಲ್ಲವೇ ಎಂದರೆ ನಗುತ್ತಾರೆ.

"ಅವರು ಅಳಸ್ಲಿ ರೀ. ಅಳಸೋದು ಒಂದ ಮಷೀನು, ಬಳಿಯೋ ಕೈ ದಿನಾ ಹೆಚ್ಚಾಗಾಕತ್ತಾವ. ನೋಡೂಣು, ಯಾರು ಮೊದಲ ದಣೀತಾರ."